ದೊಡ್ಡ ಡಯೋಡ್ ಹಾಕಿದರೆ ದೊಡ್ಡ ಶೋ ಆಗುವುದಿಲ್ಲ

ಲೇಸರಿನ ಪವರ್ ಕಡಿಮೆಯಿದ್ದರೆ ಶೋ ಸಪ್ಪೆ. ಬೆಳಕು ಹುಟ್ಟಿಸುವ ಡಯೋಡ್ ಬದಲಿಸಿ ಪವರ್ ಏರಿಸಿದರೆ ಅದೇ ಅಗ್ಗದ ಪ್ರೊಜೆಕ್ಟರ್ ಪೆಟ್ಟಿಗೆಯಿಂದ ದೊಡ್ಡ ಊರಿನವರ ಮಟ್ಟದ ಶೋ ಕೊಡಬಹುದು. ಸೌಂಡ್ ಮತ್ತು ಲೈಟಿಂಗ್ ಕೆಲಸದವರಲ್ಲಿ ಬೇರೂರಿರುವ ನಂಬಿಕೆ ಇದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಗಣಪತಿ ಮೆರವಣಿಗೆ, ಮದುವೆಯ ಆರತಕ್ಷತೆ, ಜಾತ್ರೆಯ ರಸಮಂಜರಿ ಎಂದರೆ ಡಿಜೆ, ಡಿಜೆ ಎಂದರೆ ಲೇಸರ್ ಎನ್ನುವಂತಾಗುತ್ತಿದೆ. ಬಾಡಿಗೆ ಗೊತ್ತು ಮಾಡಲು ಬಂದವರು ಮೊದಲು ಕೇಳುವುದೇ ‘ಎಷ್ಟು ವ್ಯಾಟಿನದು?’ ಎಂದು. ಕೇಳುವವರು ವ್ಯಾಟ್ ಕೇಳುತ್ತಾರೆ, ಕೊಡುವವರು ವ್ಯಾಟ್ ಏರಿಸುತ್ತಾರೆ. ಇದನ್ನು ಜಾಣತನವೆಂದು, ಹಳ್ಳಿಯ ಹುಡುಗರ ಪ್ರತಿಭೆಯೆಂದು ಹೊಗಳುವವರೂ ಇದ್ದಾರೆ.

ಈ ನಂಬಿಕೆ ತಪ್ಪು. ತಂತ್ರಜ್ಞಾನದ ಲೆಕ್ಕದಲ್ಲಿ ತಪ್ಪು, ಕಸುಬಿನ ಲೆಕ್ಕದಲ್ಲಿ ತಪ್ಪು, ಎದುರು ನಿಂತ ಜನರ ಕಣ್ಣಿನ ಲೆಕ್ಕದಲ್ಲಂತೂ ಅಕ್ಷಮ್ಯ ತಪ್ಪು. ಪವರ್ ಏರಿಸಿದಾಗ ಕಾಣುವ ಬೆಳಕು ನಿಧಾನವಾಗಿ ಹೆಚ್ಚುತ್ತದೆ, ಸುಡುವ ಶಕ್ತಿ ಮಾತ್ರ ನೇರವಾಗಿ ಹೆಚ್ಚುತ್ತದೆ. ಡಯೋಡ್ ಬದಲಾವಣೆಯ ವಾದವೆಲ್ಲ ಕುಸಿಯುವುದು ಈ ಒಂದು ಸತ್ಯದ ಎದುರು.

ಮೊದಲು ಪೆಟ್ಟಿಗೆಯೊಳಗೆ ಏನಿದೆ ನೋಡೋಣ. ಅಗ್ಗದ ಪ್ರೊಜೆಕ್ಟರಿನಲ್ಲಿ ಕೆಂಪು, ಹಸಿರು, ನೀಲಿ ಬೆಳಕಿನ ಮೂರು ಮೂಲಗಳಿರುತ್ತವೆ. ಬಣ್ಣ ಬೇರ್ಪಡಿಸುವ ಲೇಪನವಿರುವ ಪುಟ್ಟ ಗಾಜುಗಳು ಮೂರನ್ನೂ ಒಂದೇ ಕಿರಣವಾಗಿ ಕೂಡಿಸುತ್ತವೆ. ಆ ಕಿರಣ ಎರಡು ಚಿಕ್ಕ ಕನ್ನಡಿಗಳಿಗೆ ಬಡಿಯುತ್ತದೆ. ಒಂದು ಅಡ್ಡಕ್ಕೆ ಆಡುತ್ತದೆ, ಇನ್ನೊಂದು ಉದ್ದಕ್ಕೆ. ತೀರ ಅಗ್ಗದ್ದರಲ್ಲಿ ಆ ಕನ್ನಡಿಗಳನ್ನು ಸ್ಟೆಪ್ಪರ್ ಮೋಟಾರ್ ಆಡಿಸುತ್ತದೆ, ಸ್ವಲ್ಪ ಮೇಲಿನದರಲ್ಲಿ ಗ್ಯಾಲ್ವೋ ಮೋಟಾರ್. ನಾವು ಗೋಡೆಯ ಮೇಲೆ ನೋಡುವ ಚಿತ್ರ, ಗಾಳಿಯಲ್ಲಿ ನೋಡುವ ಹಾಳೆಯಂಥ ಬೆಳಕು, ಎರಡೂ ಒಂದೇ ಚುಕ್ಕೆ ಕಣ್ಣಿಗೆ ಸಿಗದ ವೇಗದಲ್ಲಿ ಓಡಾಡಿದ್ದರ ಫಲ. ಡಯೋಡಿಗೆ ಇಷ್ಟೇ ಕರೆಂಟ್ ಹೋಗಬೇಕೆಂದು ಕಾಯುವುದು ಡ್ರೈವರ್ ಬೋರ್ಡ್. ಶಾಖವನ್ನು ಹೊರಗೆ ಸಾಗಿಸುವುದು ಅಲ್ಯೂಮಿನಿಯಂ ತಳ ಮತ್ತು ಫ್ಯಾನ್. ಇಷ್ಟೂ ಒಂದಕ್ಕೊಂದು ಅಳತೆಗೆ ಕೂಡಿಸಿದ ವ್ಯವಸ್ಥೆ. ಇದರಲ್ಲಿ ಒಂದನ್ನು ಮಾತ್ರ ಕಿತ್ತು ದೊಡ್ಡದು ಕೂರಿಸಿದರೆ ಉಳಿದವೆಲ್ಲ ಸೋಲುತ್ತವೆ.

ಕೊಳವೆಬಾವಿಯ ಮೋಟಾರ್ ರಿವೈಂಡಿಂಗ್ ಮಾಡುವವರು ನಮ್ಮ ಊರೂರಿನಲ್ಲಿದ್ದಾರೆ. ಅವರಿಗೆ ಇದನ್ನು ವಿವರಿಸಬೇಕಿಲ್ಲ. ನೀರು ಕಡಿಮೆಯಿರುವ ಬೋರಿಗೆ ಹೆಚ್ಚು ಎಚ್‌ಪಿಯ ಮೋಟಾರ್ ಇಳಿಸಿದರೆ ನೀರು ಹೆಚ್ಚುವುದಿಲ್ಲ, ಕೇಬಲ್ ಸುಡುತ್ತದೆ.

ಈಗ ಬೆಳಕಿನ ಲೆಕ್ಕ. ನಮ್ಮ ಕಣ್ಣು ಎಲ್ಲ ಬಣ್ಣಗಳನ್ನೂ ಸಮಾನವಾಗಿ ಕಾಣುವುದಿಲ್ಲ. ಹಗಲಿನ ದೃಷ್ಟಿ ಅತಿ ಚುರುಕಾಗಿರುವುದು 555 ನ್ಯಾನೋಮೀಟರ್ ಹತ್ತಿರದ ಹಳದಿ ಮಿಶ್ರಿತ ಹಸಿರಿಗೆ. 532 ನ್ಯಾನೋಮೀಟರಿನ ಹಸಿರು ಅದರ ಸಮೀಪದಲ್ಲಿದೆ. 450 ನ್ಯಾನೋಮೀಟರಿನ ನೀಲಿ ಬಹಳ ದೂರ. ಒಂದು ವ್ಯಾಟ್ ನೀಲಿ ನಮ್ಮ ಕಣ್ಣಿಗೆ ಕಾಣುವುದು ಸುಮಾರು 40ರಿಂದ 45 ಮಿಲಿವ್ಯಾಟ್ ಹಸಿರಿನಷ್ಟು ಮಾತ್ರ. ಆದರೆ ನೀಲಿ ಡಯೋಡ್ ಅಗ್ಗ, ಹೆಚ್ಚು ಪವರಿನದು ಸುಲಭವಾಗಿ ಸಿಗುತ್ತದೆ. ಹಾಗಾಗಿ ‘ನಮ್ಮದು 3 ವ್ಯಾಟ್’ ಎಂಬ ಮಾತಿನ ಹಿಂದೆ ಬಹುಪಾಲು ನೀಲಿಯೇ ಇರುವುದುಂಟು. ಸಂಖ್ಯೆ ಮೂರು ಪಟ್ಟಾಯಿತು, ಶೋ ಮೂರು ಪಟ್ಟಾಗಲಿಲ್ಲ. ಬಿಳಿ ಬಣ್ಣ ತೋರಿಸಬೇಕಾದಲ್ಲಿ ನೀಲಿ ಬಡಿದುಕೊಂಡಿತು. ಬಾಡಿಗೆ ಕೊಟ್ಟವರು ದುಡ್ಡು ಕೊಟ್ಟದ್ದು ಆ ಸಂಖ್ಯೆಗೆ.

ಕೆಂಪಿನಲ್ಲೂ ಇದೇ ಪಾಠ. ಹಳೆಯ ಅಗ್ಗದ ಪೆಟ್ಟಿಗೆಗಳಲ್ಲಿ 650 ನ್ಯಾನೋಮೀಟರಿನ ಕೆಂಪು ಡಯೋಡ್ ಇರುತ್ತದೆ. ಅಷ್ಟೇ ಪವರಿನ 638 ನ್ಯಾನೋಮೀಟರ್ ಡಯೋಡ್ ಕಣ್ಣಿಗೆ ಸುಮಾರು 1.8 ಪಟ್ಟು ಪ್ರಕಾಶಮಾನವಾಗಿ ಕಾಣುತ್ತದೆ. ಒಂದು ಮಿಲಿವ್ಯಾಟ್ ಕೂಡ ಹೆಚ್ಚಿಸದೆ, ಬರೀ ತರಂಗಾಂತರ ಬದಲಿಸಿ ಪಡೆಯುವ ಲಾಭ ಇದು. ವ್ಯಾಟಿನ ಹಿಂದೆ ಬಿದ್ದವರಿಗೆ ಈ ದಾರಿ ಕಾಣುವುದೇ ಇಲ್ಲ. ಇಷ್ಟರ ಮೇಲೆ ಕಣ್ಣಿನ ಸ್ವಭಾವವೊಂದಿದೆ: ಬೆಳಕಿನ ಶಕ್ತಿ ದುಪ್ಪಟ್ಟಾದರೆ ನಮಗೆ ಅದು ದುಪ್ಪಟ್ಟೆಂದು ಅನ್ನಿಸುವುದಿಲ್ಲ, ಸ್ವಲ್ಪ ಹೆಚ್ಚೆಂದು ಅನ್ನಿಸುತ್ತದೆ. ಆ ‘ಸ್ವಲ್ಪ’ಕ್ಕಾಗಿ ಅಪಾಯವನ್ನು ಪೂರಾ ದುಪ್ಪಟ್ಟು ಮಾಡುವುದು ಯಾವ ಜಾಣತನ?

ಶೋ ಚೆನ್ನಾಗಿ ಕಾಣುವುದು ಗೆರೆ ತೆಳುವಾಗಿದ್ದಾಗ. ಮೂಲ ಪೆಟ್ಟಿಗೆಯ ಕಡಿಮೆ ಪವರಿನ ಕೆಂಪು ಡಯೋಡುಗಳಲ್ಲಿ ಬೆಳಕು ಹೊರಡುವ ಬಾಯಿ ಬಹಳ ಕಿರಿದು. ಲೆನ್ಸಿನಿಂದ ಅದನ್ನು ದುಂಡಗಿನ ತೆಳು ಕಿರಣವಾಗಿ ಕೂಡಿಸಬಹುದು. ಹೆಚ್ಚು ಪವರಿನ ಡಯೋಡುಗಳಲ್ಲಿ ಆ ಬಾಯಿ ಪಟ್ಟಿಯಂತೆ ಅಗಲ. ಅಲ್ಲಿಂದ ಬರುವ ಕಿರಣ ಚಪ್ಪಟೆ, ಒಂದು ದಿಕ್ಕಿಗೆ ಬೇಗ ಹರಡುತ್ತದೆ. ಅದನ್ನು ತಿದ್ದಲು ಬೇರೆ ಲೆನ್ಸ್ ಅಥವಾ ಪ್ರಿಸಂ ಬೇಕು. ಅವಿಲ್ಲದೆ ಅದೇ ಜಾಗದಲ್ಲಿ ಕೂರಿಸಿದರೆ ಕಿರಣ ಪುಟ್ಟ ಕನ್ನಡಿಯ ಅಂಚಿನಾಚೆ ಚೆಲ್ಲುತ್ತದೆ. ಚೆಲ್ಲಿದ್ದು ಪೆಟ್ಟಿಗೆಯೊಳಗೆ ಶಾಖವಾಗುತ್ತದೆ, ಇಲ್ಲವೇ ದಿಕ್ಕುತಪ್ಪಿ ಹೊರಬೀಳುತ್ತದೆ. ಗೋಡೆಯ ಮೇಲೆ ಚೂಪಾಗಿ ಮೂಡುತ್ತಿದ್ದ ಅಕ್ಷರ ದಪ್ಪಗಾಗಿ ಕಲಸಿಹೋಗುತ್ತದೆ. ಅಗ್ಗದ ಪೆಟ್ಟಿಗೆಗಳ ಡ್ರೈವರ್ ಬೆಳಕನ್ನು ಹೊತ್ತಿಸುವುದು, ಆರಿಸುವುದು ಎಂಬ ಎರಡೇ ಕೆಲಸ ಬಲ್ಲದಾದರೆ ಬಣ್ಣ ಸಿಗುವುದು ಏಳೇ. ನಿಧಾನವಾಗಿ ಮೂಡಿ ಮಾಸುವ ಬಣ್ಣ ದೊಡ್ಡ ಡಯೋಡಿನಿಂದ ಬರುವುದಿಲ್ಲ. ಕನ್ನಡಿಯ ವೇಗವೂ ಅದರಿಂದ ಹೆಚ್ಚುವುದಿಲ್ಲ. ಮಿಣುಕುತ್ತಿದ್ದ ಚಿತ್ರ ಇನ್ನಷ್ಟು ಜೋರಾಗಿ ಮಿಣುಕುತ್ತದೆ, ಅಷ್ಟೆ.

ಕಸುಬಿನ ನಷ್ಟವನ್ನೂ ಹೇಳಬೇಕು. ಲೇಸರ್ ಡಯೋಡ್ ಬಲ್ಬಿನಂಥದ್ದಲ್ಲ. ಮಿತಿ ಮೀರಿದ ಕರೆಂಟ್ ಕ್ಷಣಮಾತ್ರ ಹರಿದರೂ ಬೆಳಕು ಹೊರಡುವ ಅಂಚು ಸುಟ್ಟು, ಲೇಸರಾಗಿದ್ದುದು ಮಂಕು ಎಲ್‌ಇಡಿಯಾಗುತ್ತದೆ. ಕೈಯ ಸ್ಥಿರವಿದ್ಯುತ್ತು ತಗುಲಿದರೂ ಸಾಯುತ್ತದೆ. ಶಾಖ ಏರಿದಷ್ಟೂ ಆಯಸ್ಸು ಇಳಿಯುತ್ತದೆ. ನಮ್ಮ ಮದುವೆಗಳ ಕಾಲ ಏಪ್ರಿಲ್, ಮೇ; ಈ ಸೀಮೆಯ ಬಿಸಿಲು ಆಗ 40 ಡಿಗ್ರಿಯ ಸುತ್ತಮುತ್ತ. ಮೆರವಣಿಗೆಯಲ್ಲಿ ವಿದ್ಯುತ್ತು ಬರುವುದು ಜನರೇಟರಿನಿಂದ. ಸ್ಪೀಕರ್ ಬಡಿದಂತೆಲ್ಲ ವೋಲ್ಟೇಜ್ ಕುಣಿಯುತ್ತದೆ. ಫ್ಯಾನಿನ ತುಂಬ ಕೆಂಪು ಧೂಳು. ಚಿಕ್ಕ ಶಾಖಕ್ಕೆಂದು ಮಾಡಿದ ತಳದ ಮೇಲೆ ದೊಡ್ಡ ಡಯೋಡ್ ಕೂತು ಎಷ್ಟು ಹಂಗಾಮು ಬಾಳೀತು? ಸಾಲ ಮಾಡಿ ಪೆಟ್ಟಿಗೆ ಕೊಂಡ ಹುಡುಗನಿಗೆ ‘ಡಯೋಡ್ ಬದಲಿಸು’ ಎಂದು ಹೇಳುವವರು ಅವನ ಹಿತ ಬಯಸುತ್ತಿಲ್ಲ.

ಇಷ್ಟೇ ಆಗಿದ್ದರೆ ಇದನ್ನು ಒಂದು ಕಸುಬಿನ ಒಳಗಿನ ತಪ್ಪೆಂದು ಬಿಡಬಹುದಿತ್ತು. ಆದರೆ ಆ ಕಿರಣದ ಎದುರು ನಮ್ಮ ಮಕ್ಕಳು ನಿಂತಿರುತ್ತಾರೆ.

ಲೇಸರಿನ ಅಪಾಯಕ್ಕೆ ಜಗತ್ತು ಒಪ್ಪಿದ ವರ್ಗೀಕರಣವಿದೆ. ಒಂದು ಮಿಲಿವ್ಯಾಟಿನವರೆಗಿನ ಕಾಣುವ ಬೆಳಕಿನ ಲೇಸರ್ 2ನೇ ವರ್ಗ. ಕಣ್ಣು ತಾನಾಗಿ ರೆಪ್ಪೆ ಮುಚ್ಚುವ ಕಾಲು ಸೆಕೆಂಡಿನಲ್ಲಿ ಅದು ಹಾನಿ ಮಾಡುವುದಿಲ್ಲ. 5 ಮಿಲಿವ್ಯಾಟ್ ದಾಟಿದ್ದು 3ಬಿ. ನೇರವಾಗಿ ಕಣ್ಣಿಗೆ ಬಿದ್ದರೆ ಅಪಾಯ. 500 ಮಿಲಿವ್ಯಾಟ್ ದಾಟಿದ್ದು 4ನೇ ವರ್ಗ. ಅದಕ್ಕಿಂತ ಮೇಲಿನ ವರ್ಗವೇ ಇಲ್ಲ. ಗೋಡೆಗೆ ಬಡಿದು ಚದುರಿದ ಬೆಳಕನ್ನು ಹತ್ತಿರದಿಂದ ನೋಡುವುದೂ ಅಲ್ಲಿ ಹಾನಿ ತರಬಹುದು, ಬಟ್ಟೆ ಕಾಗದಕ್ಕೆ ಬೆಂಕಿ ಹತ್ತಬಹುದು. ಭಾರತೀಯ ಮಾನಕ ಐಎಸ್ 14624 ಇದೇ ವಿಷಯದ್ದು. ನೂರಿನ್ನೂರು ಮಿಲಿವ್ಯಾಟಿನ ಡಯೋಡ್ ಕಿತ್ತು ಒಂದು ವ್ಯಾಟಿನದನ್ನು ಹಾಕಿದವರು ಮಾಡಿದ್ದು ಯಂತ್ರವನ್ನು 3ಬಿಯಿಂದ 4ಕ್ಕೆ ದಾಟಿಸಿದ್ದು. ಪೆಟ್ಟಿಗೆಯ ಮೇಲಿನ ಎಚ್ಚರಿಕೆಯ ಚೀಟಿ ಮಾತ್ರ ಹಳೆಯದೇ.

ಸಂಖ್ಯೆಯಲ್ಲಿ ಹೇಳುತ್ತೇನೆ. ಮೀಟರಿಗೆ 2 ಮಿಲಿಮೀಟರಿನಂತೆ ಅಗಲವಾಗುತ್ತ ಹೋಗುವ ಒಂದು ವ್ಯಾಟಿನ ಕಿರಣ 30 ಮೀಟರ್ ದೂರದಲ್ಲಿ ಸುಮಾರು 6 ಸೆಂಟಿಮೀಟರ್ ಅಗಲವಾಗಿರುತ್ತದೆ. ಅಲ್ಲಿ ಅದು ಓಡಾಡದೆ ನೇರವಾಗಿ ಕಣ್ಣಿಗೆ ಬಿದ್ದರೆ, ಕಾಲು ಸೆಕೆಂಡಿಗೆ ಕಣ್ಣು ತಾಳಬಹುದಾದ ಮಿತಿಯ ಸುಮಾರು 14 ಪಟ್ಟು ಬೆಳಕು ಕಣ್ಣಿಗೆ ನುಗ್ಗುತ್ತದೆ. ಆ ಕಿರಣ ಸುರಕ್ಷಿತ ಮಟ್ಟಕ್ಕೆ ಇಳಿಯುವುದು ಸುಮಾರು 110 ಮೀಟರ್ ಆಚೆ. ಮೂರು ವ್ಯಾಟಿಗೆ ಏರಿಸಿದರೆ ಸುಮಾರು 190 ಮೀಟರ್. ಡಿಜೆ ಟ್ರ್ಯಾಕ್ಟರಿನ ಮುಂದೆ ಕುಣಿಯುವ ಹುಡುಗರು ನಿಂತಿರುವುದು ಹತ್ತಿಪ್ಪತ್ತು ಅಡಿಯಲ್ಲಿ. ಅಪ್ಪನ ಹೆಗಲ ಮೇಲೆ ಕೂತ ಮಗುವಿನ ಕಣ್ಣಿರುವುದು ಪೆಟ್ಟಿಗೆಯ ಎತ್ತರಕ್ಕೆ ಸರಿಯಾಗಿ.

ಲೇಸರ್ ಬೆಳಕನ್ನು ನಮ್ಮ ಕಣ್ಣಿನ ಲೆನ್ಸೇ ಅಕ್ಷಿಪಟಲದ ಮೇಲೆ ಸೂಜಿಮೊನೆಯಷ್ಟಕ್ಕೆ ಕೂಡಿಸುತ್ತದೆ; ಅಲ್ಲಿ ಅದರ ತೀವ್ರತೆ ಲಕ್ಷ ಪಟ್ಟು ಹೆಚ್ಚುತ್ತದೆ. ಸುಡುವ ಜಾಗ ಬಹಳ ಸಲ ನಡುಮಧ್ಯದ್ದು: ನಾವು ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಅದರಿಂದ. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲ. ಸುಟ್ಟದ್ದು ಆ ರಾತ್ರಿ ಗೊತ್ತಾಗದೆಯೂ ಹೋಗಬಹುದು. ಮರುದಿನ ನೋಟದ ನಡುವೆ ಕಪ್ಪು ಚುಕ್ಕೆಯೆಂದು ದೂರುತ್ತಾರೆ. ಸುಟ್ಟ ಕೋಶಗಳು ಮತ್ತೆ ಹುಟ್ಟುವುದಿಲ್ಲ, ಕನ್ನಡಕ ಹಾಕಿದರೆ ಸರಿಹೋಗುವುದಿಲ್ಲ. ನೀಲಿ ಡಯೋಡ್ ಇಲ್ಲಿ ಇನ್ನೂ ಕೆಟ್ಟದ್ದು: ಕಣ್ಣಿಗೆ ಮಂಕಾಗಿ ಕಾಣುತ್ತದೆ, ಸುಡುವುದು ಮಾತ್ರ ಹಸಿರಿನಷ್ಟೇ.

‘ಕಿರಣ ಓಡಾಡುತ್ತಿರುತ್ತದಲ್ಲ, ಕಣ್ಣಿಗೆ ಬಿದ್ದರೂ ಚಣಹೊತ್ತು’ ಎನ್ನುವವರಿದ್ದಾರೆ. ಓಡಾಡುವ ಕಿರಣ ಅದೇ ಕಣ್ಣಿಗೆ ಮತ್ತೆ ಮತ್ತೆ ಮರಳುತ್ತದೆ. ಚಿತ್ರದ ಮೂಲೆಗಳಲ್ಲಿ, ಚುಕ್ಕೆಗಳಲ್ಲಿ ತಡೆದು ನಿಲ್ಲುತ್ತದೆ. ಕನ್ನಡಿಯ ಬೋರ್ಡ್ ಕೈಕೊಟ್ಟರೆ ಕಿರಣ ಒಂದೇ ಕಡೆ ನಿಂತುಬಿಡುತ್ತದೆ. ಒಳ್ಳೆಯ ಪ್ರೊಜೆಕ್ಟರಿನಲ್ಲಿ ಕನ್ನಡಿ ನಿಂತ ಕೂಡಲೇ ಬೆಳಕು ಆರಿಸುವ ವ್ಯವಸ್ಥೆಯಿರುತ್ತದೆ. ಅಗ್ಗದ ಬಹುಪಾಲು ಪೆಟ್ಟಿಗೆಗಳಲ್ಲಿ ಅದಿಲ್ಲ. ಡಯೋಡ್ ಬದಲಿಸುವವರು ಅದನ್ನು ಸೇರಿಸುವುದೂ ಇಲ್ಲ. ಅನುಮಾನವಿದ್ದವರು ಮೊಬೈಲ್ ಹಿಡಿದು ಶೋ ಚಿತ್ರೀಕರಿಸಿದವರನ್ನು ಕೇಳಲಿ. ಲೇಸರ್ ಬಿದ್ದು ಕ್ಯಾಮೆರಾದ ಸೆನ್ಸರ್ ಸುಟ್ಟು ಅಳಿಸಲಾಗದ ಗೆರೆ ಉಳಿಯುವುದು ಈಗ ಜಗತ್ತಿಗೆಲ್ಲ ಗೊತ್ತಿರುವ ಸಂಗತಿ.

‘ಇದುವರೆಗೆ ಯಾರಿಗೂ ಏನೂ ಆಗಿಲ್ಲ’ ಎಂಬುದು ಎಲ್ಲಕ್ಕಿಂತ ಜನಪ್ರಿಯವಾದ ವಾದ. 2008ರ ಜುಲೈಯಲ್ಲಿ ಮಾಸ್ಕೋ ಸಮೀಪದ ಬಯಲು ಸಂಗೀತೋತ್ಸವದಲ್ಲಿ ಮಳೆಗೆಂದು ಟಾರ್ಪಾಲು ಕಟ್ಟಿ, ಆಕಾಶಕ್ಕೆ ಹೋಗಬೇಕಿದ್ದ ಲೇಸರನ್ನು ಜನರತ್ತ ತಿರುಗಿಸಿದರು; ಹತ್ತಾರು ಮಂದಿಯ ಅಕ್ಷಿಪಟಲ ಸುಟ್ಟಿತು. ಅಷ್ಟು ದೂರ ಹೋಗುವುದೇಕೆ? 2023ರ ಗಣೇಶೋತ್ಸವದ ಬಳಿಕ ನಾಸಿಕದ ಕಣ್ಣಿನ ವೈದ್ಯರು ಮೆರವಣಿಗೆಯ ಲೇಸರಿನಿಂದ ಅಕ್ಷಿಪಟಲ ಸುಟ್ಟ ತರುಣರ ಬಗ್ಗೆ ಎಚ್ಚರಿಸಿದರು. ನಮ್ಮ ಬೆಳಗಾವಿಗೆ ಅಂಟಿದ ಕೊಲ್ಹಾಪುರ ಜಿಲ್ಲೆಯಿಂದಲೂ ಇಂಥ ವರದಿಗಳು ಬಂದವು. 2024ರಲ್ಲಿ ಪುಣೆ ಪೊಲೀಸರು ಗಣೇಶೋತ್ಸವದಲ್ಲಿ ಲೇಸರ್ ಕಿರಣಗಳನ್ನೇ ನಿಷೇಧಿಸಿದರು. ಅಲ್ಲಿನ ಟ್ರ್ಯಾಕ್ಟರ್, ಅಲ್ಲಿನ ಡಿಜೆ, ಅಲ್ಲಿನ ಪೆಟ್ಟಿಗೆ ನಮ್ಮವಕ್ಕಿಂತ ಬೇರೆಯಲ್ಲ.

ಏನೂ ಆಗಿಲ್ಲ ಎಂಬ ಮಾತು ಎಷ್ಟು ಟೊಳ್ಳೆಂದು ಕೊಟ್ಟೂರಿನವರಿಗೆ ಹೇಳಬೇಕಾಗಿಲ್ಲ. ವರ್ಷ ವರ್ಷವೂ ಸಾಗುತ್ತಿದ್ದ ಗುರು ಕೊಟ್ಟೂರೇಶ್ವರನ ತೇರು 2017ರ ಫೆಬ್ರವರಿಯಲ್ಲಿ ಜನಸಾಗರದ ನಡುವೆ ಉರುಳಿಬಿತ್ತು. ಹಿಂದಿನ ವರ್ಷ ಬಿದ್ದಿರಲಿಲ್ಲ ಎಂಬುದು ಆ ದಿನ ಯಾರನ್ನೂ ಕಾಯಲಿಲ್ಲ. ಕಣ್ಣಿನ ಹಾನಿ ತೇರಿನಂತೆ ಎಲ್ಲರೆದುರು ಬೀಳುವುದೂ ಇಲ್ಲ. ಒಂದು ಕಣ್ಣು ಮಂಕಾದ ಹುಡುಗ ಇನ್ನೊಂದು ಕಣ್ಣಲ್ಲಿ ನಿಭಾಯಿಸುತ್ತಾನೆ. ದುಡಿಮೆ ಬಿಟ್ಟು ಬಳ್ಳಾರಿಗೋ ದಾವಣಗೆರೆಗೋ ಹುಬ್ಬಳ್ಳಿಗೋ ಹೋಗಿ ತೋರಿಸುವ ಹೊತ್ತಿಗೆ ಅದು ಲೇಸರಿನದೆಂದು ಹೇಳುವವರು ಯಾರು? ದೂರು ಬಂದಿಲ್ಲವೆಂದರೆ ಹಾನಿಯಾಗಿಲ್ಲವೆಂದು ಅರ್ಥವಲ್ಲ.

ಮೊದಲ ಬಲಿ ಸ್ವತಃ ರಿಪೇರಿಯವನೇ ಆಗಬಹುದು ಎಂಬುದನ್ನೂ ಮರೆಯಬಾರದು. ಅಗ್ಗದ ಹಸಿರು ಲೇಸರುಗಳಲ್ಲಿ ಹಸಿರು ನೇರವಾಗಿ ಹುಟ್ಟುವುದಿಲ್ಲ. 808 ನ್ಯಾನೋಮೀಟರಿನ ಕಾಣದ ಅವಗೆಂಪು ಬೆಳಕು ಒಂದು ಹರಳಿನಲ್ಲಿ 1064 ಆಗಿ, ಇನ್ನೊಂದರಲ್ಲಿ 532ರ ಹಸಿರಾಗುತ್ತದೆ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ 2010ರಲ್ಲಿ ಪರೀಕ್ಷಿಸಿದ ಒಂದು ಅಗ್ಗದ ಹಸಿರು ಪಾಯಿಂಟರಿನಿಂದ ಹಸಿರು ಮಂಕಾಗಿ, ಅವಗೆಂಪು ಸುಮಾರು 20 ಮಿಲಿವ್ಯಾಟಿನಷ್ಟು ಹೊರಬರುತ್ತಿತ್ತು. ಅದನ್ನು ತಡೆಯುವ ಫಿಲ್ಟರ್ ಇರಲಿಲ್ಲ. ಮೇಜಿನ ಮೇಲೆ ಮುಚ್ಚಳ ತೆಗೆದು, ಕರೆಂಟ್ ಏರಿಸಿ, ‘ಹಸಿರು ಇನ್ನೂ ಬಂದಿಲ್ಲ’ ಎಂದು ಬಗ್ಗಿ ನೋಡುವವನ ಕಣ್ಣಿಗೆ ಆಗ ಏನು ಹೋಗುತ್ತಿದೆಯೆಂಬುದು ಅವನಿಗೆ ಕಾಣುವುದಿಲ್ಲ. ರೆಪ್ಪೆ ಮುಚ್ಚುವುದು ಕಂಡ ಬೆಳಕಿಗೆ ಮಾತ್ರ.

ಬಡ ಹುಡುಗರ ಹೊಟ್ಟೆಪಾಡಿನ ಮಾತು ಎತ್ತುವವರಿಗೆ ನಾನು ಗೌರವದಿಂದಲೇ ಉತ್ತರಿಸುತ್ತೇನೆ. ಕೆಟ್ಟದ್ದನ್ನು ಎಸೆಯದೆ ರಿಪೇರಿ ಮಾಡಿ ಬಾಳಿಸುವ ಕೈಗಳು ಈ ಸೀಮೆಯ ಹೆಮ್ಮೆ. ಸತ್ತ ಡಯೋಡಿನ ಜಾಗಕ್ಕೆ ಅದೇ ಪವರಿನದನ್ನು, ಸರಿಯಾದ ಕರೆಂಟ್ ಕೂರಿಸಿ ಹಾಕುವುದು ಗೌರವದ ಕೆಲಸ. ನನ್ನ ವಿರೋಧ ರಿಪೇರಿಗಲ್ಲ, ಪವರ್ ಏರಿಸುವುದಕ್ಕೆ. ಅದೇ ದುಡ್ಡಿನಲ್ಲಿ ಶೋ ನಿಜವಾಗಿ ಚೆನ್ನಾಗುವ ದಾರಿಗಳಿವೆ. ಲೆನ್ಸು ಕನ್ನಡಿಗಳ ಧೂಳು ತೆಗೆದು, ಮೂರೂ ಬಣ್ಣಗಳನ್ನು ಒಂದೇ ಗೆರೆಗೆ ಕೂಡಿಸಿ. 650ರ ಕೆಂಪು ಸತ್ತಿದ್ದರೆ ಅಷ್ಟೇ ಪವರಿನ 638 ಹಾಕಿ, ಡ್ರೈವರ್ ಅದಕ್ಕೆ ಹೊಂದುವಂತೆ ನೋಡಿಕೊಳ್ಳಿ. ಗಾಳಿಯಲ್ಲಿ ಕಿರಣ ಕಾಣುವುದು ಹೊಗೆಯಿಂದ. ಒಳ್ಳೆಯ ಫಾಗ್ ಮಷೀನಿಗೆ ದುಡ್ಡು ಹಾಕಿ. ಜನರೇಟರಿನ ಏರಿಳಿತ ತಡೆಯಲು ಸ್ಟೆಬಿಲೈಸರ್ ಹಾಕಿ. ಕೈಗೆಟುಕುವಲ್ಲಿ ಒಂದೇ ಒತ್ತಿಗೆ ಆರುವ ಸ್ವಿಚ್ ಇರಲಿ. ಪೆಟ್ಟಿಗೆಯೊಂದಿಗೆ ಬಂದ ಹಳೆಯ ಚಿತ್ರಗಳನ್ನೇ ತಿರುಗಿಸುವ ಬದಲು ಕೊಟ್ಟೂರಿನ ತೇರು, ಹಡಗಲಿಯ ಮಲ್ಲಿಗೆ, ನಮ್ಮ ಊರಿನ ಹೆಸರು ಕನ್ನಡ ಅಕ್ಷರಗಳಲ್ಲಿ ತೆಳು ಗೆರೆಯಾಗಿ ಮೂಡಲಿ. ಜನ ನೆನಪಿಟ್ಟು ಮತ್ತೆ ಕರೆಯುವುದು ಅಂಥ ಕೆಲಸವನ್ನು.

ಜನರನ್ನು ಹಿಡಿದಿಡಲು ಕಣ್ಣು ಕುಕ್ಕುವ ಬೆಳಕು ಬೇಕೆಂಬ ಮಾತನ್ನೂ ಈ ನೆಲ ಒಪ್ಪುವುದಿಲ್ಲ. ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಬೆಳಗಿನವರೆಗೆ ಬಯಲಾಟ ನೋಡಿದ ಊರುಗಳಿವು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭವಿಷ್ಯವಾಣಿ ನುಡಿಯಲು ಗೊರವಯ್ಯ ಬಿಲ್ಲನೇರಿದಾಗ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ಮೇಲೆ ನೋಡುತ್ತಾರೆ. ಅವರನ್ನು ಹಿಡಿದಿಡುವುದು ಒಬ್ಬ ಮನುಷ್ಯನ ಒಂದು ಮಾತು.

ಕಿರಣವನ್ನು ಆಕಾಶಕ್ಕೆ ತಿರುಗಿಸಿದರೆ ಮುಗಿಯಿತೇ? ಜನರ ಕಡೆ ಬಿಡುವುದಕ್ಕಿಂತ ಮೇಲು, ನಿಜ. ಆದರೆ ಹೊಲಗಳಿಂದ ಹಕ್ಕಿ ಓಡಿಸಲು ಹಸಿರು ಲೇಸರನ್ನೇ ಬಳಸುವ ದೇಶಗಳಿವೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ 2024ರಲ್ಲಿ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದ ಕೆರೆ, ಪಕ್ಷಿಧಾಮ. ಅದರ ಆಸುಪಾಸಿನ ಊರುಗಳಲ್ಲಿ ಕೆರೆಯ ದಿಕ್ಕಿಗೆ ಒಂದು ಕಿರಣವೂ ಹೋಗಕೂಡದು.

ಇನ್ನು ಆಡಳಿತ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಿಂದಾಗಿ ಮೈಕು ಹಾಕಲು ಅನುಮತಿ ಬೇಕು, ರಾತ್ರಿ ಹತ್ತರ ಮೇಲೆ ಸಾಮಾನ್ಯವಾಗಿ ಹಾಕುವಂತಿಲ್ಲ. ಕಿವಿಗೆ ಸಿಕ್ಕ ಈ ಕಾವಲು ಕಣ್ಣಿಗೂ ಸಿಗಬೇಕು. ಅಮೆರಿಕದಲ್ಲಿ 3ಬಿ, 4ನೇ ವರ್ಗದ ಲೇಸರ್ ಶೋಗೆ ಸರ್ಕಾರದ ವಿಶೇಷ ಅನುಮತಿ ಬೇಕು. ಕಿರಣ ಜನ ನಿಂತ ನೆಲದಿಂದ 3 ಮೀಟರ್ ಮೇಲೆ, ಪಕ್ಕಕ್ಕೆ ಎರಡೂವರೆ ಮೀಟರ್ ದೂರ ಇರಬೇಕು. ನಮ್ಮಲ್ಲಿ ಜೀವಕ್ಕೆ, ಸುರಕ್ಷತೆಗೆ ಅಪಾಯ ತರುವ ನಿರ್ಲಕ್ಷ್ಯದ ಕೃತ್ಯಗಳಿಗೆ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ ಇದೆ. ಆದರೆ ಅದು ಕಣ್ಣು ಹೋದ ಮೇಲೆ ಕೈಗೆ ಬರುವ ಅಸ್ತ್ರ. ಮೆರವಣಿಗೆಗೆ ಅನುಮತಿ ಕೊಡುವಾಗಲೇ ಪೊಲೀಸರು ಒಂದು ಷರತ್ತು ಬರೆಯಲಿ: ಲೇಸರಿನ ಪವರ್ ಎಷ್ಟು, ಡಯೋಡ್ ಬದಲಿಸಲಾಗಿದೆಯೇ, ಕಿರಣ ಎಷ್ಟು ಎತ್ತರದಲ್ಲಿ ಎಂಬುದನ್ನು ಆಪರೇಟರ್ ಬರೆದು ಸಹಿ ಹಾಕಬೇಕು. ಚಲಿಸುವ ಟ್ರ್ಯಾಕ್ಟರಿನ ಮೇಲಿಂದ ಜನರ ಮುಖದತ್ತ ಲೇಸರ್ ಬಿಡುವುದನ್ನು ಪೂರ್ತಿ ನಿಲ್ಲಿಸಬೇಕು.

ಕಾನೂನಿಗಿಂತ ಮೊದಲು ಮಾಡಬಹುದಾದ ಕೆಲಸ ಸಮಿತಿಗಳದ್ದು, ಮದುವೆ ಮನೆಯವರದ್ದು. ‘ಎಷ್ಟು ವ್ಯಾಟ್?’ ಎಂದು ಕೇಳುವುದನ್ನು ಬಿಡಿ. ‘ಕಿರಣ ಜನರ ತಲೆಗಿಂತ ಎಷ್ಟು ಮೇಲಿರುತ್ತದೆ?’ ಎಂದು ಕೇಳಿ. ಉತ್ತರ ಕೊಡಲಾಗದವರಿಗೆ ಮುಂಗಡ ಕೊಡಬೇಡಿ. ಡಯೋಡ್ ಬದಲಿಸುವ ಗೆಳೆಯರೇ, ನಿಮ್ಮ ಕೈಯಲ್ಲಿ ಕಸುಬಿದೆ. ಅದನ್ನು ಗೆರೆ ತೆಳುಮಾಡಲು ಬಳಸಿ, ಕಿರಣ ಚೂಪುಮಾಡಲು ಬಳಸಿ, ಪವರ್ ಏರಿಸಲು ಬಳಸಬೇಡಿ. ನಿಮ್ಮ ಶೋ ನೋಡಲು ಬಂದವರು ನೋಡುವ ಶಕ್ತಿಯೊಂದಿಗೇ ಮನೆಗೆ ಮರಳಬೇಕು.